ಮಣ್ಣು ತಿಂದ ವೈನಿ

ನನ್ನ ಅವ್ವ ವೈನಿಯ ದವಡೆ ಹಿಡಿದು, ಬಾಯೊಳಗೆ ಬೆರಳು ತೂರಿಸಿ, ಅರ್ಧ ಅಗಿದ ಮಣ್ಣಿನ ಹೆಂಟೆಯನ್ನು ಹೊರಗೆಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಅದೇ ಕೈಯಿಂದ ಅವಳ ಕಪಾಳಕ್ಕೆ ಹೊಡೆದಳು.

"ದನಾನೂ ಮಣ್ಣ ತಿನ್ನಂಗಿಲ್ಲ. ನಮ್ಮ ಮನ್ಯಾಗ ಕೂಳ ಹಾಕಂಗಿಲ್ಲಂತ ಓಣಿ ಮಂದಿಗೆ ತೋರಸಾಕತ್ತಿಯೇನ?"

ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಸೆರಗಿನಿಂದ ತುಟಿ ಒರೆಸಿಕೊಂಡಳು. ಅಳಲಿಲ್ಲ. ಎದ್ದು ಹೋಗಿ ನೂಲು ಸುತ್ತುವ ರಾಟಿಯ ಮುಂದೆ ಕೂತಳು. ಹಿತ್ತಲ ಗೋಡೆಯಲ್ಲಿ ಅವಳು ಕೆರೆದು ತಿಂದ ಜಾಗ ಅಂಗೈಯಷ್ಟು ತಗ್ಗಾಗಿತ್ತು. ಅವ್ವ ಅದಕ್ಕೆ ಸಗಣಿ ಮೆತ್ತಿ ಮುಚ್ಚಿದಳು.

ಐವತ್ತರ ದಶಕದ ಮಾತು. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ಅಪ್ಪ ಮತ್ತು ಅಣ್ಣ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತರೆ, ಹೆಂಗಸರು ನಾವು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆವು. ನಾನು ಕನ್ನಡ ಸಾಲೆ ಮುಗಿಸಿ ಮನೆಯಲ್ಲಿದ್ದೆ, ಮದುವೆ ಆಗಿರಲಿಲ್ಲ. ವೈನಿ ನರಗುಂದದಿಂದ ಬಂದವಳು. ಬಂದ ಹೊಸದರಲ್ಲಿ ತುಂಬಿದ ಕೊಡವನ್ನು ತಲೆಯ ಮೇಲೊಂದು, ಬಗಲಲ್ಲೊಂದು ಇಟ್ಟುಕೊಂಡು ನಗುತ್ತ ಮಾತಾಡುತ್ತ ನಡೆಯುತ್ತಿದ್ದಳು. ಎರಡನೆಯ ಹೆರಿಗೆಯಾದ ಮೇಲೆ ಬರಿಗೈಯಲ್ಲಿ ಹೊಸ್ತಿಲು ದಾಟಿದರೂ ಏದುಸಿರು ಬಿಡುತ್ತಿದ್ದಳು. ತುಟಿ ಸುಣ್ಣ ಬಳಿದಂತಿತ್ತು. ಸಂಜೆಯಾದರೆ ಪಾದ ಬಾತು, ಬೆರಳಿಂದ ಒತ್ತಿದಲ್ಲಿ ಕುಳಿ ಉಳಿಯುತ್ತಿತ್ತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು.

ಹೊರಗಾದಾಗ ನಾವೆಲ್ಲ ಬೇಗನೆ ಮಿಂದು ಒಳಗೆ ಬರುತ್ತಿದ್ದೆವು. ಅವಳಿಗೆ ಮಾತ್ರ ನಿಲ್ಲುತ್ತಲೇ ಇರಲಿಲ್ಲ. ಹಿತ್ತಲ ಮೂಲೆಯಲ್ಲಿ ಕೂತವಳಿಗೆ ಅವ್ವ ದೂರದಿಂದಲೇ ರೊಟ್ಟಿಯ ಮೇಲೆ ಖಾರ ಹಾಕಿ ಒಗೆಯುತ್ತಿದ್ದಳು. ಮೈಯಿಂದ ಅಷ್ಟು ರಕ್ತ ಹೋಗುತ್ತಿದ್ದವಳಿಗೆ ಒಣ ರೊಟ್ಟಿ! ಮೈ ತೊಳೆದು ಒಳಗೆ ಬಂದ ಮೇಲಾದರೂ ಏನು? ಮೊದಲು ಗಂಡಸರು ಉಣ್ಣಬೇಕು, ಆಮೇಲೆ ಮಕ್ಕಳು, ಆಮೇಲೆ ಅವ್ವ ಮತ್ತು ನಾನು. ವೈನಿಯ ಸರದಿ ಬರುವಷ್ಟರಲ್ಲಿ ಬೇಳೆ ಗಡಿಗೆಯ ತಳ ಕಾಣುತ್ತಿತ್ತು. ಅವಳು ಅದಕ್ಕೆ ನೀರು ಹಾಕಿ ತೊಳೆದು, ಆ ನೀರಲ್ಲೇ ರೊಟ್ಟಿ ಅದ್ದಿಕೊಂಡು ಉಣ್ಣುತ್ತಿದ್ದಳು. ಮಗ್ಗಕ್ಕೆ ಹಾಸುವ ನೂಲಿಗೆ ಹೊತ್ತು ತಪ್ಪದೆ ಗಂಜಿ ಕುಡಿಸುವ ಮನೆ ನಮ್ಮದು.

ಒಂದು ದಿನ ಬಾವಿಯಿಂದ ಬರುವಾಗ ಅವಳು ಓಣಿಯಲ್ಲೇ ಬಿದ್ದಳು. ಕೊಡ ಒಡೆಯಿತು. ಅವ್ವ ಓಡಿ ಬಂದು ಮೊದಲು ನೋಡಿದ್ದು ಕೊಡವನ್ನು.

ಮಗ್ಗುಲ ಮನೆಯ ಮುದುಕಿ ವೈನಿಯ ಮುಖ ನೋಡಿ, "ಬಿಳಿ ಕಾಮಣಿ ಆಗೈತಿ. ಬರಿ ಹಾಕಸ್ರಿ, ಲಗೂ ಇಳಿತೈತಿ" ಎಂದಳು. ಕಾಮಾಲೆಯನ್ನು ನಮ್ಮ ಕಡೆ ಕಾಮಣಿ ಎನ್ನುತ್ತಾರೆ, ಅದಕ್ಕೆ ಬರೆ ಹಾಕಿಸುವುದು ರೂಢಿ. ಮರುದಿನ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿಂದಿನ ಓಣಿಯಿಂದ ಒಬ್ಬ ಮುದುಕ ಬಂದು, ಕಬ್ಬಿಣದ ಸರಳು ಕಾಸಿ, ಅವಳ ಬಲಗೈ ಮೇಲೆ ಎರಡು ಗೆರೆ ಎಳೆದು ಹೋಗಿದ್ದ. ಸುಟ್ಟ ಚರ್ಮದ ವಾಸನೆ ಪಡಸಾಲೆಯಲ್ಲಿ ಇನ್ನೂ ಇತ್ತು. ವೈನಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಮಗು ಮೊಲೆ ಹುಡುಕುತ್ತ ಅಳುತ್ತಿತ್ತು. ಅವಳಿಗೆ ಅದನ್ನು ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ಒಳಗೆ ಮಗ್ಗ ಟಕ್ಕ ಟಕ್ಕ ನಡೆಯುತ್ತಲೇ ಇತ್ತು.

ಆ ಸಪ್ಪಳಕ್ಕೆ ನನ್ನ ಮೈ ಉರಿದುಹೋಯಿತು. ಕೊಡ ಇಳಿಸಿದವಳೇ ಒಳಗೆ ಹೋಗಿ ಅಣ್ಣನ ಕೈಯಿಂದ ಲಾಳಿ ಕಸಿದುಕೊಂಡೆ.

"ಹೆಂಡ್ತಿ ಕೈ ಸುಟ್ಟಾಗ ನೀ ಇಲ್ಲೇ ಕುಂತಿದ್ದ್ಯಾ?"

"ಅವ್ವ ಕರಿಸ್ಯಾಳ. ಹೆಂಗಸರ ಬ್ಯಾನಿ ನನಗೇನ ತಿಳಿತೈತಿ?" ಎಂದ ಅಣ್ಣ. ಅವನು ಕೆಟ್ಟವನಲ್ಲ. ಆದರೆ ಹೆಂಗಸರ ಬೇನೆ ಎಂದು ಹೆಸರಿಟ್ಟರೆ ಗಂಡಸು ತನಗೆ ಸಂಬಂಧವಿಲ್ಲವೆಂದು ಕೂತುಬಿಡಬಹುದು ಎಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಮಗ್ಗದಾಗ ಒಂದ ಎಳಿ ಹರದ್ರ ಬಗ್ಗಿ ಬಗ್ಗಿ ಹುಡುಕಿ ಗಂಟ ಹಾಕತಿ. ಆಕಿ ತುಟಿ ಯಾವ ಬಣ್ಣ ಆಗೈತಿ ಒಮ್ಮಿರೆ ನೋಡೀಯೇನ? ನಾಳೆ ರೋಣದ ದವಾಖಾನಿಗೆ ಕರಕೊಂಡ ಹೋಗ್ಲಿಲ್ಲಂದ್ರ ನಾ ಇನ್ನೊಂದು ಕಂಡಿಕಿ ಸುತ್ತಂಗಿಲ್ಲ. ಹ್ಯಾಂಗ ನೇಯ್ತಿ ನೋಡೂಣು."

ಅಪ್ಪ ಆಚೆಯ ಮಗ್ಗದಿಂದ ಗದರಿದರು. ನಾನು ಅಲುಗಲಿಲ್ಲ. ನನ್ನ ಮಾತಿಗಲ್ಲ, ಕಂಡಿಕೆಗೆ ಹೆದರಿ ಅಣ್ಣ ಒಪ್ಪಿದ ಎಂದೇ ನಾನು ಈಗಲೂ ತಿಳಿದಿದ್ದೇನೆ.

ಮರುದಿನ ಅಣ್ಣ, ಮಗುವನ್ನೆತ್ತಿಕೊಂಡ ನಾನು, ವೈನಿ ರೋಣಕ್ಕೆ ಬಸ್ಸಿನಲ್ಲಿ ಹೋದೆವು. ದವಾಖಾನೆಯಲ್ಲಿ ಧಾರವಾಡದ ಕಡೆಯ ಒಬ್ಬ ಹೆಣ್ಣು ಡಾಕ್ಟರ್ ಇದ್ದರು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ವೈನಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ನಾಲಿಗೆ ನೋಡಿದರು. ಕೈಯ ಬರೆ ನೋಡಿದಾಗ ಅವರ ಹುಬ್ಬು ಗಂಟಾಯಿತು. ಅಣ್ಣನತ್ತ ತಿರುಗಿದರು.

"ಏನ ಉಂತಾರ ಇವರು?"

"ನಾವ ಉಂಡದ್ದ ಉಂತಾಳ್ರಿ."

"ನಿಮ್ಮ ಜೋಡಿ ಉಂತಾರೋ, ನಿಮ್ಮ ಹಿಂದ ಉಂತಾರೋ?"

ಅಣ್ಣ ನನ್ನತ್ತ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಎರಡು ಮಕ್ಕಳಾಗಿದ್ದರೂ ಹೆಂಡತಿ ಉಣ್ಣುವುದನ್ನು ಅವನು ನೋಡಿರಲೇ ಇಲ್ಲ.

"ಮಣ್ಣ ತಿಂತಾಳ್ರಿ, ಅದ ಕೆಟ್ಟ ಚಟ..." ಎಂದು ತೊದಲಿದ.

"ಚಟ ಅಲ್ಲ. ಮೈಯಾಗ ರಕ್ತ ಇಲ್ಲ. ರಕ್ತ ಕಡಿಮಿ ಆದವರಿಗೆ ಹಿಂಗ ಮಣ್ಣು, ಸುಣ್ಣ ತಿನ್ನಬೇಕು ಅನಸತೈತಿ. ಬರಿ ಹಾಕಿದ್ರ ರಕ್ತ ಬರಂಗಿಲ್ಲ, ಇದ್ದ ಜೀವಾನೂ ಹೋಗತೈತಿ. ಕಾಳು, ತೊಪ್ಪಲ ಪಲ್ಯ, ಹಾಲು, ಎಲ್ಲಾ ಕೊಡ್ರಿ. ಬರಿಗಾಲಿಲೆ ಬಯಲಿಗೆ ಕಳಸಬ್ಯಾಡ್ರಿ, ಹೊಟ್ಟ್ಯಾಗ ಹುಳಾ ಆಗಿ ಅವೂ ರಕ್ತ ಹೀರತಾವು."

ಅಷ್ಟರಲ್ಲಿ ಮಗು ಅತ್ತಿತು. ನನ್ನನ್ನು ಅದರ ಜೊತೆ ಹೊರಗೆ ಕಳಿಸಿದರು. ಆಮೇಲೆ ವೈನಿಯನ್ನು ಒಳಕೋಣೆಯಲ್ಲಿ ಪರೀಕ್ಷೆ ಮಾಡಿದರಂತೆ. ಕೊನೆಗೆ ಅಣ್ಣನಿಗೆ ಒಂದಿಷ್ಟು ಮಾತು ಹೇಳಿ ಗುಳಿಗೆ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಏನು ಹೇಳಿದರೆಂದು ಕೇಳಿದರೆ ಅಣ್ಣ ಕಿಟಕಿಯತ್ತ ಮುಖ ತಿರುಗಿಸಿದ.

ಗುಳಿಗೆ ಶುರುವಾದ ಸ್ವಲ್ಪ ದಿನಕ್ಕೇ ವೈನಿ ಬಯಲಿಂದ ಗಾಬರಿಯಾಗಿ ಬಂದಳು. ಮಲ ಕಪ್ಪಗೆ ಇದ್ದಿಲಿನಂತೆ ಬಂದಿತ್ತು. ಅತ್ತೆಗೆ ಹೇಳಿದಳು. ಅವ್ವ ಗುಳಿಗೆಯ ಪೊಟ್ಟಣ ಎತ್ತಿಕೊಂಡವಳೇ ತಿಪ್ಪೆಗೆ ಒಗೆದಳು. "ಹೊಟ್ಟ್ಯಾಗ ಎಲ್ಲಾ ಸುಟ್ಟ ಕರಕಲಾಗೈತಿ. ಇನ್ನ ಅವನ್ನ ಮುಟ್ಟಿದ್ರ ನೋಡು!"

ನಾನು ತಿಪ್ಪೆಗೆ ಇಳಿದು ಪೊಟ್ಟಣ ಆರಿಸಿಕೊಂಡು ಬಂದೆ. ಕೂಗಾಟ ಕೇಳಿ ಅಣ್ಣ ಮಗ್ಗದಿಂದ ಎದ್ದು ಬಂದ. ಆಗ ಬಾಯಿಬಿಟ್ಟ, ಅದೂ ಗೋಡೆ ನೋಡುತ್ತ. ಗುಳಿಗೆಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಡಾಕ್ಟರ್ ಬಾಯಿ ಹೇಳಿದ್ದರು. ಮೈಯಲ್ಲಿ ರಕ್ತ ತುಂಬುವ ತನಕ ಮತ್ತೆ ಬಸಿರಾಗಬಾರದು ಎಂದೂ ಹೇಳಿದ್ದರು.

"ಇದನ್ನ ಯಾಕ ಹೇಳಲಿಲ್ಲ?" ಎಂದು ಚೀರಿದೆ.

"ಅವ್ವನ ಮುಂದ ಹ್ಯಾಂಗ ಹೇಳ್ಲಿ? ನಾಚಿಕಿ ಆಗಂಗಿಲ್ಲೇನ?"

ನಾಚಿಕೆ! ಹೆಂಡತಿ ಸಾಯುವುದಕ್ಕಿಂತ ದೊಡ್ಡದಾಗಿತ್ತು ಅವನ ನಾಚಿಕೆ. ನಾನು ಇನ್ನೇನು ಬಯ್ಯಬೇಕು ಎನ್ನುವಷ್ಟರಲ್ಲಿ ವೈನಿ ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡಳು. ಒಂದು ಗುಳಿಗೆ ಸೆರಗಿಗೆ ಒರೆಸಿ, ಅವ್ವನ ಎದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

ಅಂದು ಮಧ್ಯಾಹ್ನ ಅಪ್ಪ ಮತ್ತು ಅಣ್ಣ ಉಣ್ಣಲು ಕೂತಿದ್ದರು. ವೈನಿ ತನ್ನ ಗಂಗಾಳ ತಂದು ಅವರ ಸಾಲಿನಲ್ಲೇ, ಸ್ವಲ್ಪ ದೂರ ಬಿಟ್ಟು ಕೂತಳು. ತಲೆಯ ಮೇಲೆ ಸೆರಗು ಹೊದ್ದಿದ್ದಳು. ದನಿ ಮಾತ್ರ ನಡುಗಲಿಲ್ಲ.

"ಅತ್ತಿ, ನನಗೂ ನೀಡ್ರಿ."

ಅವ್ವನ ಕೈಯಲ್ಲಿ ಸೌಟು ಹಾಗೇ ನಿಂತಿತು. ಅಪ್ಪ ಅರ್ಧ ಊಟದಲ್ಲಿ ಕೈ ತೊಳೆದು ಎದ್ದು ಹೋದರು. ಅಣ್ಣ ತಲೆ ತಗ್ಗಿಸಿದ, ಆದರೆ ಏಳಲಿಲ್ಲ. ಅವ್ವ ನೀಡದಿದ್ದಾಗ ನಾನೇ ಹೆಸರುಕಾಳಿನ ಪಲ್ಯ, ರೊಟ್ಟಿ, ಮೊಸರು ಎಲ್ಲ ನೀಡಿದೆ. ವೈನಿ ಅವಸರ ಮಾಡದೆ ಉಂಡಳು. ಮತ್ತೊಮ್ಮೆ ಪಲ್ಯ ಕೇಳಿದಳು.

ಅಪ್ಪ ಬಹಳ ದಿನ ಬೇರೆ ಹೊತ್ತಿಗೆ ಉಂಡರು. ಆಮೇಲೆ ಬೇಜಾರಾಗಿ ಅವರೇ ಸಾಲಿಗೆ ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ವೈನಿಯ ತುಟಿಗೆ ಬಣ್ಣ ಬಂದಿತ್ತು. ಮಣ್ಣಿನ ಆಸೆ ತಾನಾಗಿ ಹೋಗಿತ್ತು. "ಈಗ ಅದರ ವಾಸನಿ ಬಂದ್ರ ಹೊಟ್ಟಿ ತೊಳಸತೈತಿ" ಎಂದು ನಗುತ್ತಿದ್ದಳು. ಕೈ ಮೇಲಿನ ಎರಡು ಗೆರೆ ಮಾತ್ರ ಮಾಯಲಿಲ್ಲ.

ಒಂದು ದಿನ ನಾನು ಅವ್ವನಿಗೆ ಕೇಳಿಯೇಬಿಟ್ಟೆ. "ಆಕಿನ್ನ ಅಷ್ಟ ಹೊಡದಿ, ಸುಡಿಸಿದಿ. ನಿನ್ನ ಕರುಳಿಗೆ ಏನೂ ಅನಸಲಿಲ್ಲೇನ?"

ಅವ್ವ ಕಾಳು ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ನಾನೂ ತಿಂತಿದ್ನಿ. ಒಲಿ ಮಣ್ಣು. ನಮ್ಮತ್ತಿ ನೋಡಿದ್ರ ಹೊಡಿತಿದ್ಲು. ನನ್ನನ್ನ ಯಾರ ರೋಣಕ್ಕ ಕರಕೊಂಡ ಹೋಗಿದ್ರು?"

ಅವ್ವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ರೆಪ್ಪೆ ಎಳೆದು ನೋಡಿದೆ. ಒಳಗೆ ಕಾಗದದಂತೆ ಬಿಳಿ. ಅವಳು ನನ್ನ ಕೈ ಕೊಡವಿದಳು. ದವಾಖಾನೆಗೆ ಬಾ ಎಂದರೆ, "ನನಗೇನಾಗೈತಿ?" ಎಂದಳು. ವೈನಿ ಕರೆದಳು, ಅಣ್ಣನೂ ಕರೆದ. ಅವಳು ಹೋಗಲಿಲ್ಲ. ಎಲ್ಲರ ಜೊತೆ ಉಣ್ಣಲು ಕೂರಲೂ ಇಲ್ಲ. ಸೊಸೆ ಬಡಿಸಿಟ್ಟದ್ದನ್ನು ಮಕ್ಕಳಿಗೆ ಹಂಚಿ, ಕೊನೆಗೆ ಗಡಿಗೆ ತೊಳೆದ ನೀರಲ್ಲೇ ಉಂಡಳು.

ಅವ್ವ ತೀರಿ ಎಷ್ಟೋ ವರ್ಷವಾಯಿತು. ವೈನಿ ಅವಳನ್ನು ಎಂದೋ ಮನ್ನಿಸಿಬಿಟ್ಟಿದ್ದಾಳೆ. ನನಗೆ ಆಗಿಲ್ಲ. ಅವ್ವ ಹೊಡೆದದ್ದಕ್ಕೂ ನನಗೆ ಸಿಟ್ಟಿದೆ, ಅದೇ ಅವ್ವ ತನ್ನ ಅತ್ತೆಯಿಂದ ಹೊಡೆಸಿಕೊಂಡದ್ದಕ್ಕೂ ಸಿಟ್ಟಿದೆ.