ಪ್ರಿಂಟರ್‌ಗೆ ಪೆನ್ನಿನ ಇಂಕು

“ಅಮ್ಮಾ, ಇದಕ್ಕೆ ಏನ್ ತುಂಬಿದ್ರಿ?” ದುರ್ಗಿಗುಡಿಯ ರೀಫಿಲ್ ಅಂಗಡಿಯಾಕೆ ನನ್ನ ಪ್ರಿಂಟರ್‌ನ ಕಾರ್ಟ್ರಿಜ್ ಹಿಡಿದು ಬೆರಗಾದಳು.

“ಫೌಂಟನ್ ಪೆನ್ ಇಂಕು, ರಾಯಲ್ ಬ್ಲೂ,” ಎಂದೆ. ಕಾನ್ವೆಂಟಿನಲ್ಲಿ ಡ್ರಾಪರ್ ಹಿಡಿದು ಪೆನ್ನು ತುಂಬಿದವಳಿಗೆ ಇದೇನು ಮಹಾ ಅನಿಸಿತ್ತು.

“ಇಂಕು ಬರೋ ತೂತೆಲ್ಲ ಕಟ್ಕೊಂಡಿದೆ, ಮುಗೀತು ಇದರ ಕತೆ!”

ನನಗೆ ವಯಸ್ಸಿನ ಕೈನಡುಕ, ಬರೆದರೆ ಅಕ್ಷರ ಸೊಟ್ಟ. ಜನ್ನಾಪುರದ ಕ್ಲಾಸ್‌ಮೇಟ್ ಲೀಲಾಳಿಗೆ ಕಣ್ಣು ಮಂದ. ಹಾಗಾಗಿ ಅವಳಿಗೆ ದಪ್ಪಕ್ಷರದಲ್ಲಿ ಪ್ರಿಂಟ್ ಮಾಡಿಯೇ ಪತ್ರ ಕಳಿಸುತ್ತೇನೆ. ಕಾರ್ಟ್ರಿಜ್ ಕೆಡುವ ಮುನ್ನ ಬಂದ ಒಂದೇ ಒಂದು ತಿಳಿನೀಲಿ ಪುಟ ಅವಳಿಗೆ ತಲುಪಿತ್ತು. ಸಂಜೆ ಫೋನ್ ಮಾಡಿದಳು: “ಒಂದಕ್ಷರ ಓದಕ್ಕಾಗ್ಲಿಲ್ಲ ಮಾರಾಯ್ತಿ. ಆದ್ರೆ ಬಣ್ಣ ನೋಡಿ, ನೀನೇ ಕೈಯಾರೆ ಬರ್ದಿದೀಯ ಅಂದ್ಕೊಂಡೆ ಕಣೆ!”

ಈಗ ಬಾಟಲಿಯಿಂದ ಇಂಕು ಸುರಿಯುವ ಟ್ಯಾಂಕ್ ಪ್ರಿಂಟರ್ ಕೊಂಡಿದ್ದೇನೆ. ಪತ್ರ ಅವಳಿಗೆ ಕಾಣುವಂತೆ ಕಪ್ಪಗೆ ಬರುತ್ತದೆ. ಕೆಳಗೆ ನನ್ನ ಹೆಸರನ್ನು ಮಾತ್ರ ನಡುಗುವ ಕೈಯಲ್ಲೇ, ಆ ನೀಲಿ ಇಂಕಿನಲ್ಲಿ ಬರೆಯುತ್ತೇನೆ.