ಪರದೆಯ ಮೇಲಿನ ಇರುವೆಗಳು

ಕೊಲ್ಹಾಪುರದ ಆ ವ್ಯಾಯಾಮದ ಕೋಣೆಯಲ್ಲಿ ಗೋಡೆಯಷ್ಟಗಲದ ಟಿವಿ ಇತ್ತು. ಅದರ ಮುಂದೆ ನಿಂತು ಕಾಲು ಆಡಿಸಿದರೆ ಒಳಗಿನ ಬೊಂಬೆಯೂ ಹಾಗೇ ಆಡಿಸುತ್ತಿತ್ತು. ನನ್ನ ಹೆಂಡತಿಗೆ ಪಾರ್ಕಿನ್ಸನ್ ಬಂದು, ಅಡುಗೆಮನೆಯ ಬಾಗಿಲಲ್ಲಿ ಪಾದ ನೆಲಕ್ಕೆ ಅಂಟಿದಂತೆ ನಿಲ್ಲತೊಡಗಿದ ಮೇಲೆ, ಇಚಲಕರಂಜಿಯಿಂದ ವಾರ ವಾರ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಟಿವಿ ಮುಂದೆ ಕುಣಿದರೆ ರೋಗ ಓಡಿಹೋಗುತ್ತದೆಂದು ನಂಬುವಷ್ಟು ದಡ್ಡ ನಾನಲ್ಲ. ಅವಳು ಹಾಸಿಗೆ ಹಿಡಿಯಬಾರದು, ಅಷ್ಟೇ ನನಗೆ ಬೇಕಾಗಿತ್ತು.

ಆಟ ಸರಳ. ಪರದೆಯ ನೆಲದ ಮೇಲೆ ದೊಡ್ಡ ದೊಡ್ಡ ಇರುವೆಗಳು ಸಾಲಾಗಿ ಬರುತ್ತವೆ, ಕಾಲೆತ್ತಿ ತುಳಿಯಬೇಕು. ತುಳಿದರೆ ಅಂಕ, ಜೊತೆಗೆ ಚಪ್ಪಾಳೆ. ವ್ಯಾಯಾಮ ಮಾಡಿಸುವ ಹುಡುಗಿ ಮರಾಠಿಯಲ್ಲಿ, “ಕಾಕೂ, ಪಾಯ ಉಚಲಾ, ತುಡವಾ!” ಎಂದು ಕಾಲೆತ್ತಿ ತುಳಿಯಲು ಹುರುಪು ತುಂಬುವಳು. ನನ್ನವಳ ಅಂಕ ಮಾತ್ರ ಪ್ರತಿ ವಾರವೂ ಸೊನ್ನೆ. ಕೊನೆಗೆ ಹುಡುಗಿ ಮುಖ ಸಣ್ಣದು ಮಾಡಿಕೊಂಡು, ರೋಗ ಮುಂದುವರಿದಂತಿದೆ, ಡಾಕ್ಟರಿಗೆ ಹೇಳಿ ಗುಳಿಗೆ ಹೆಚ್ಚಿಸಬೇಕಾದೀತು ಎಂದಳು.

ಅಂದು ಟಿವಿ ಬಿಟ್ಟು ಹೆಂಡತಿಯ ಕಾಲನ್ನೇ ನೋಡಿದೆ. ಮನೆಯಲ್ಲಿ ಹೊಸ್ತಿಲು ದಾಟದ ಕಾಲು ಇಲ್ಲಿ ಇರುವೆ ಬಂದೊಡನೆ ಎತ್ತರಕ್ಕೆ ಎದ್ದು, ಅದನ್ನು ದಾಟಿ, ಖಾಲಿ ಜಾಗ ನೋಡಿ ಮೆಲ್ಲಗೆ ಇಳಿಯುತ್ತಿತ್ತು.

“ಯಾಕ ತುಳಿವಲ್ಲಿ?” ಎಂದೆ.

“ತುಳಿಯೂದ್ ಹೆಂಗ್ರಿ? ಅದೂ ಜೀವ ಅಲ್ಲೇನ್ರಿ?”

“ಅದು ಬರೇ ಬೆಳಕ ಐತಿ, ಮಳ್ಳಿ! ಜೀವ ಎಲ್ಲಿಂದ ಬಂತು?”

“ಬೆಳಕ ಇರಲಿ. ಕೊಲ್ಲಬೇಕಂತ ಕಾಲ ಎತ್ತಿದ್ರ ಪಾಪ ಹತ್ತೂದಿಲ್ಲೇನ್ರಿ?”

ಗಡಹಿಂಗ್ಲಜದ ಅವಳ ತವರಿನಲ್ಲಿ, ಹುಳ ಬಿದ್ದೀತೆಂದು ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸುವುದಿಲ್ಲ. ನಾನೂ ಜೈನರ ಮನೆಯಲ್ಲೇ ಹುಟ್ಟಿದವನು, ಆದರೆ ನೂಲಿನ ಗೋದಾಮಿಗೆ ಗೆದ್ದಲು ಹತ್ತಿದಾಗ ಹಿಂದೆಮುಂದೆ ನೋಡದೆ ಔಷಧಿ ಹೊಡೆಸಿದವನು. ಸಿಟ್ಟೂ ಬಂತು, ನಗುವೂ ಬಂತು. ಹುಡುಗಿಗೆ ವಿಷಯ ತಿಳಿಸಿದೆ. ಅವಳು ಇರುವೆ ತೆಗೆದು ಚೆಂಡಿನ ಆಟ ಹಾಕಿದಳು. ಚೆಂಡಿಗೆ ನನ್ನವಳ ಕಾಲು ಏಳಲೇ ಇಲ್ಲ. ಮತ್ತೆ ಇರುವೆಯನ್ನೇ ಹಾಕಿಸಿದೆ. ಕೆಲವು ತಿಂಗಳು, ಕಾಲು ಇನ್ನೂ ಏಳುತ್ತಿದೆ ಎನ್ನುವ ಆ ಸೊನ್ನೆ ನೋಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ದಿನ ಟಿವಿಯಿಂದ ಚಪ್ಪಾಳೆ ಕೇಳಿಸಿತು. ಅವಳ ಕಾಲು ಅರ್ಧಕ್ಕೆದ್ದು, ದಾಟಲಾರದೆ, ಇರುವೆಯ ಮೇಲೆಯೇ ಕುಸಿದಿತ್ತು. ಮತ್ತೊಂದು ಇರುವೆ ಬಂತು, ಮತ್ತೆ ಚಪ್ಪಾಳೆ. ಆ ಯಂತ್ರವನ್ನು ಒದೆಯಬೇಕೆನಿಸಿತು ನನಗೆ. ನಾವು ಕಳೆದುಕೊಳ್ಳುತ್ತಿದ್ದುದಕ್ಕೆ ಅದು ಶಾಬಾಸ್ ಹೇಳುತ್ತಿತ್ತು.

“ನಿಲ್ಲಸ್ರಿ ಅದನ್ನ,” ಎಂದಳು. ರೋಗ ಅವಳ ಮುಖವನ್ನು ಮರಗಟ್ಟಿಸಿತ್ತು. ಅಳು ಬರೀ ಕಣ್ಣಿನಲ್ಲಿತ್ತು. “ನಾ ತುಳೀಲಿಲ್ರಿ. ಕಾಲ ನನ್ನ ಮಾತ ಕೇಳವಲ್ದು.”

ಹುಡುಗಿ ಆಟ ನಿಲ್ಲಿಸಿದಳು. ಪರದೆಯ ಮೇಲೆ ಅಂಕ ಹಾಗೇ ಹೊಳೆಯುತ್ತ ನಿಂತಿತು.

“ಎಷ್ಟ ಸತ್ತೂರಿ?” ಎಂದು ಕೇಳಿದಳು ನನ್ನವಳು.

ನಾನು ಹೋಗಿ ಪರದೆಗೆ ಅಡ್ಡ ನಿಂತೆ. “ಒಂದೂ ಇಲ್ಲ,” ಎಂದೆ.