ಅವನ ಬದಲಿಗೆ ನಾನಾಡಿದ ಮಾತು

ಗಂಗಕ್ಕಾ, ಗಜಾನನನ ತಲೆಯ ಗಡ್ಡೆ ಮರಳಿ ಬಂದದ್ದು ಸ್ಕ್ಯಾನಿನಲ್ಲಿ ಕಾಣುವ ಮೊದಲೇ ನನಗೆ ಗೊತ್ತಾಗಿತ್ತು. ನಾನು ಹೇಳಲಿಲ್ಲ. ನಿನಗೂ ಹೇಳಲಿಲ್ಲ, ನಿನ್ನ ಗಂಡನಾದ ಅವನಿಗೂ ಹೇಳಲಿಲ್ಲ — ಅವನು ತೀರಿಹೋಗಿ ಇಷ್ಟು ವರ್ಷವಾದ ಮೇಲೆ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದ ದಿನ ನೆನಪಿದೆಯಲ್ಲ? ಡಾಕ್ಟರು ಮಿದುಳಿನ ಚಿತ್ರ ತೋರಿಸಿ, ಈ ಜಾತಿಯ ಗಡ್ಡೆ ತೆಗೆದ ಜಾಗದ ಅಂಚಿನಲ್ಲೇ ಹೆಚ್ಚಾಗಿ ಮತ್ತೆ ಹುಟ್ಟುತ್ತದೆ, ಇವರಿಗೆ ಅದು ಎಡಗಡೆ, ಮಾತಿನ ಜಾಗದ ಪಕ್ಕ, ಅಂದರು. ಯಾವಾಗ ಅಂತ ಹೇಳಲು ಬರುವುದಿಲ್ಲ. ಶಬ್ದಕ್ಕೆ ತಡಕಾಡುವುದು ಕಂಡರೆ ಮುಂದಿನ ಸ್ಕ್ಯಾನಿಗೆ ಕಾಯದೆ ಬನ್ನಿ, ಚಿಕ್ಕದಿದ್ದಾಗ ಸಿಕ್ಕರೆ ಇನ್ನೊಮ್ಮೆ ತೆಗೆಯಲು ನೋಡಬಹುದು. ಇವರ ಜೊತೆ ಹೆಚ್ಚು ಮಾತಾಡುವವರು ಯಾರು ಎಂದಾಗ ನೀನು ನನ್ನನ್ನು ತೋರಿಸಿದೆ. "ಇವರೇ ಡಾಕ್ಟ್ರೇ. ಇವರಿಬ್ಬರು ಸೇರಿದ ಮೇಲೆ ಬಾಯಿ ಮುಚ್ಚಿದ್ದು ನಾನು ಕಂಡಿದ್ದೇ ಇಲ್ಲ." ಆ ಹೊತ್ತಿನಲ್ಲೂ ಎಲ್ಲರನ್ನೂ ನಗಿಸಿದವಳು ನೀನು. ಗಮನ ಇಡುವ ಕೆಲಸ ನನ್ನದಾಯಿತು.

ನಾನೂ ಗಜಾನನನೂ, ಒಬ್ಬರನ್ನೊಬ್ಬರು ಭಾವ ಎನ್ನುವ ಗೆಳೆಯರು, ತಾಳಮದ್ದಳೆಯ ಹುಚ್ಚರು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಬರೀ ಮಾತಿನಲ್ಲೇ ಕಾದಾಡಬೇಕು. ಶಿರಸಿಯಲ್ಲಿ ಕನ್ನಡಕ ಮಾರುವ ಗಜಾನನ ಅಲ್ಲಿ ಚಕ್ರವರ್ತಿ. ಯಲ್ಲಾಪುರದ ಮಾಸ್ತರನಾದ ನನ್ನನ್ನು ಎಷ್ಟು ಸಲ ಮಣ್ಣು ಮುಕ್ಕಿಸಿದ್ದಾನೋ! ಸೋತ ದಿನವೂ ನನಗೆ ಹೊಟ್ಟೆ ತುಂಬ ಖುಷಿ.

ಅವನು ಚೇತರಿಸಿಕೊಂಡ ಮೇಲೆ ಸಿದ್ದಾಪುರದಲ್ಲಿ ಒಂದು ತಾಳಮದ್ದಳೆ ಕೂಟ. ಅವನು ರಾಜ, ನಾನು ಸಂಧಾನಕ್ಕೆ ಬಂದ ದೂತ. ಸಿಂಹಾಸನ ಎನ್ನಬೇಕಾದಲ್ಲಿ ಅವನ ಮಾತು ನಿಂತಿತು. "ಅದು... ಕೂರುವ..." ಎಂದು ಕೈ ಆಡಿಸಿ ನನ್ನನ್ನು ನೋಡಿದ. "ಸಿಂಹಾಸನವೆಂದರೆ ನಿನಗೆ ಬರೀ ಕೂರುವ ಹಲಗೆಯೇ, ರಾಜಾ?" ಎಂದು ನಾನು ಎತ್ತಿಕೊಂಡೆ. ಚಪ್ಪಾಳೆ ಬಿತ್ತು. ಎದುರಿನವನು ತಡವರಿಸಿದರೆ ಶಬ್ದ ಕೊಟ್ಟು ಮಾನ ಉಳಿಸುವುದು ನಮ್ಮ ಪದ್ಧತಿ. ಆ ಸಂಜೆ ಹಾಗೆ ಎಷ್ಟೋ ಸಲ ಕೊಟ್ಟೆ. ಆಮೇಲಿನ ಕೂಟಗಳಲ್ಲೂ ಕೊಟ್ಟೆ, ನಿನ್ನ ಮನೆಯ ಜಗಲಿಯಲ್ಲೂ — ನೀನು ಚಾ ತಂದಿಟ್ಟು ಅಲ್ಲೇ ಕೂತಾಗ, ಅವನು ತಡಕಾಡುವ ಮೊದಲೇ ನಾನು ಆ ಮಾತು ಆಡಿಬಿಡುತ್ತಿದ್ದೆ. ನಿನಗೆ ಗೊತ್ತಾಗಲಿಲ್ಲ.

ಸ್ಕ್ಯಾನಿನ ಸರದಿ ಬರುವಷ್ಟರಲ್ಲಿ ಗಡ್ಡೆ ಹರಡಿತ್ತು. ಇನ್ನು ಕೈ ಹಾಕುವ ಹಾಗಿಲ್ಲ ಅಂದರು. ಮೊದಲೇ ಹೋಗಿದ್ದರೆ ಉಳಿಯುತ್ತಿದ್ದನೋ ಇಲ್ಲವೋ — ಡಾಕ್ಟರಿಗೂ ಗೊತ್ತಿಲ್ಲ. ನಾನು ಅದರ ಹಿಂದೆ ಅಡಗಿಕೊಳ್ಳುವುದಿಲ್ಲ.

ಅವನ ವರ್ಷಾಂತದ ಶ್ರಾದ್ಧದ ದಿನ ನೆಂಟರೆದುರು ನನಗೆ ಬಡಿಸುತ್ತ ನೀನು ಹೇಳಿದೆ: "ಇಂವ ಜೊತಿಗಿದ್ದಿದ್ದಕ್ಕೇಯ ಅವ್ರಿಗೆ ಕಡಿವರೆಗೂ ಮಾತಿತ್ತು." ಆ ತಿಂಗಳುಗಳಲ್ಲಿ ನಿನಗೆ ಕೇಳಿಸಿದ್ದರಲ್ಲಿ ಅರ್ಧ ನನ್ನ ಮಾತು, ಅಕ್ಕಾ.

ಇನ್ನೂ ಒಂದಿದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ — ಆದರೂ. ಆ ಕೂಟ ಮುಗಿಸಿ ಸಿದ್ದಾಪುರದಿಂದ ಬರುವಾಗ ಕಾರಿನಲ್ಲಿ ಅವನೇ ಕೇಳಿದ.

"ಭಾವ, ಖರೆ ಹೇಳು. ಯನ್ನ ಮಾತು ತಪ್ತಾ ಇದ್ದಾ?"

"ಎಂತದೂ ಇಲ್ಲೆ ಮಾರಾಯಾ."

"ಹಂಗಾರೆ ಆತು. ಡಾಕ್ಟರಿಗೆ ಫೋನ್ ಮಾಡನ ಹೇಳಿ ಇದ್ದಿದ್ದಿ. ನೀ ಹೇಳಿದ್ಮೇಲೆ ಎಂತಕ್ಕೆ, ಬಿಡು."

ಡಾಕ್ಟರಿಗೆ ಮಾಡಲೆಂದು ಕೈಯಲ್ಲಿ ಹಿಡಿದಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಕೂಟದಲ್ಲಿ ನಾನು ಮಾಡಿದ ತಪ್ಪುಗಳನ್ನು ಹುಡುಕಿ ಆಡಿಕೊಳ್ಳುತ್ತ ಶಿರಸಿಯವರೆಗೂ ನಗಿಸಿದ.

ಅವನನ್ನು ಹೆದರಿಸಬಾರದೆಂದು ಹಾಗೆ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಭಾನುವಾರ ನಿನ್ನ ಮನೆಗೆ ಬರುತ್ತೇನೆ; ನೀನು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ಆದರೆ ನಿಜ ಇಷ್ಟೇ. ಆಗ, ಅದರ ಮುಂದಿನ ವಾರವೇ ಯಲ್ಲಾಪುರದಲ್ಲಿ ಕೂಟವಿತ್ತು. ಆಸ್ಪತ್ರೆಗೆ ಹೋದರೆ ಅವನು ಮತ್ತೆ ಬಂದು ಕೂರುತ್ತಾನೋ ಇಲ್ಲವೋ — ನನ್ನೆದುರಿಗೆ ಇನ್ನೊಂದು ಸಲ ಅವನೇ ಬೇಕಿತ್ತು, ಗಂಗಕ್ಕಾ. ಅಷ್ಟಕ್ಕಾಗಿ ಆ ಫೋನು ತಪ್ಪಿಸಿದೆ.